ಕಾಗೆ ಕಥೆ ಬಾಯಲ್ಲೇ ಬೆಳೆದದ್ದು: ನನ್ನ ಅನುಭವ

ನನ್ನ ಅನಿಮೇಷನ್ ಕಿರುಚಿತ್ರದ ಸ್ಟೋರಿಬೋರ್ಡ್‌ಗೆ (ದೃಶ್ಯಗಳನ್ನು ಒಂದೊಂದಾಗಿ ಬರೆದಿಡುವ ಕರಡು) ಮುಂಚೆ ಕಥೆಯನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತೇನೆ ಅಂದಾಗ ಮುಂಬೈ ಅಂಧೇರಿಯ ಅನಿಮೇಷನ್ ಗೆಳೆಯರು ನಕ್ಕರು. 'ಹರಿಕಥೆ ಮಾಡೋಕೆ ಹೊರಟಿದ್ದೀಯಾ?' ಅಂದರು. ಈಗ ಅನಿಮ್ಯಾಟಿಕ್ (ಆ ಕರಡು ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ವಿಡಿಯೋ) ಲಾಕ್ ಆಗಿದೆ, ದುಡ್ಡೂ ಬಂದಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎಳೆ ಇಷ್ಟೇ. ಮಾಟುಂಗದಲ್ಲಿ ಹೋಟೆಲ್ ನಡೆಸಿದ್ದ ಅಜ್ಜ ತೀರಿಕೊಂಡಿದ್ದಾರೆ. ವಾಲ್ಕೇಶ್ವರದ ಬಾಣಗಂಗಾ ಕೆರೆಯ ಮೆಟ್ಟಿಲ ಮೇಲೆ ಮನೆಯವರು ಪಿಂಡ ಇಟ್ಟು ಕಾಯುತ್ತಿದ್ದಾರೆ. ಕಾಗೆ ಮುಟ್ಟುತ್ತಿಲ್ಲ.

ಮೊದಲು ಎಲ್ಲರ ಹಾಗೇ ಶುರು ಮಾಡಿದ್ದೆ. ಲಾಗ್‌ಲೈನ್ (ಒಂದೇ ಸಾಲಿನ ಕಥೆ), ಬೀಟ್ ಶೀಟ್ (ಘಟನೆಗಳ ಪಟ್ಟಿ), ಗೋಡೆ ತುಂಬ ಹಳದಿ ಚೀಟಿ. ಪಾತ್ರಗಳ ರೂಪ ಬರೆಸುವ ಕ್ಯಾರೆಕ್ಟರ್ ಶೀಟ್‌ಗೆ ಹತ್ತಿರ ಹತ್ತಿರ 30 ಸಾವಿರ ಹೋಯಿತು. ಬ್ಯಾಕ್‌ಗ್ರೌಂಡ್‌ಗೆ ಇನ್ನೊಂದು 25. ದೀಪಸ್ತಂಭ, ಕಲ್ಲಿನ ಮೆಟ್ಟಿಲು, ಹಿಂದೆ ಎತ್ತರದ ಬಿಲ್ಡಿಂಗುಗಳು, ಎಲ್ಲ ಚೆನ್ನಾಗೇ ಬಂದಿತ್ತು. ಕಥೆ ಮಾತ್ರ ಮಗನ ಸುತ್ತ ಸುತ್ತುತ್ತಿತ್ತು: ಅಪ್ಪನ ಜೊತೆ ಜಗಳ, ಹೋಟೆಲ್ ಮಾರಿದ್ದು, ಫ್ಲ್ಯಾಶ್‌ಬ್ಯಾಕ್ ಮೇಲೆ ಫ್ಲ್ಯಾಶ್‌ಬ್ಯಾಕ್. ಅನಿಮ್ಯಾಟಿಕ್ 7 ನಿಮಿಷ ದಾಟಿತು. ಒಬ್ಬ ನಿರ್ಮಾಪಕರು ನೋಡಿ 'ಬ್ಯಾಕ್‌ಗ್ರೌಂಡ್ ಸೂಪರ್' ಅಂದು ಫೋನ್ ಕೈಗೆತ್ತಿಕೊಂಡರು. ಆಮೇಲೆ ಅವರ ಸುದ್ದಿಯೇ ಇಲ್ಲ.

2024ರ ಜೂನ್‌ನಲ್ಲಿ ಪೆಡ್ಡರ್ ರೋಡಿನಲ್ಲಿ ಮಿಫ್ (ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ) ನಡೆಯಿತಲ್ಲ, ಒಂದು ದಿನ ಪೂರ್ತಿ ಕೂತು ಕಿರುಚಿತ್ರ ನೋಡಿದೆ. ವಾಪಸ್ ಡೊಂಬಿವ್ಲಿ ಲೋಕಲ್‌ನಲ್ಲಿ ಪಕ್ಕದವರಿಗೆ ಹೇಳೋಕೆ ಹೋದರೆ ಎರಡೋ ಮೂರೋ ಕಥೆ ಮಾತ್ರ ಮೊದಲಿಂದ ಕೊನೆವರೆಗೆ ಬಾಯಿಗೆ ಬಂತು. ಉಳಿದದ್ದೆಲ್ಲ 'ಬಣ್ಣ ಏನು ಗೊತ್ತಾ' ಅನ್ನುವಲ್ಲಿಗೆ ನಿಂತಿತು. ಅಲ್ಲಿಂದ ದಾರಿ ಬದಲಾಯಿಸಿದೆ.

ಚಿತ್ರ ತೋರಿಸುವುದಿಲ್ಲ. ಎರಡು ನಿಮಿಷದಲ್ಲಿ ಕಥೆ ಹೇಳಿ ಎದ್ದು ಬರುತ್ತೇನೆ. ಹೇಗಿದೆ ಅಂತ ಕೇಳುವುದೇ ಇಲ್ಲ. ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಒಂದು ವಾರ ಬಿಟ್ಟು ಹೋಗಿ, ಅವರ ಕೈಲೇ ಇನ್ನೊಬ್ಬರಿಗೆ ಆ ಕಥೆ ಹೇಳಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಅವರು ಮರೆತದ್ದು ಕಟ್. ಸೇರಿಸಿದ್ದು ಒಳಗೆ.

ಮಾಟುಂಗದ ಹೋಟೆಲ್ ಒಂದರ ಭಟ್ರು ನನ್ನ ಮೊದಲ ಗಿರಾಕಿ. ಮಧ್ಯಾಹ್ನದ ಊಟದ ಗಲಾಟೆ ಮುಗಿದಿತ್ತು. ತೊಳೆದ ಲೋಟ ಒರೆಸುತ್ತಿದ್ದ ಮಾಣಿಗೆ ಕಥೆ ಹೇಳಿ ಅಂದೆ. ಭಟ್ರು ಮಗನನ್ನೂ ಅವನ ಜಗಳವನ್ನೂ ಪೂರ್ತಿ ಬಿಟ್ಟೇಬಿಟ್ಟರು. ಸೀದಾ ಕಾಗೆಗೇ ಬಂದರು. 'ಅದು ದಿನಾ ಹೋಟೆಲ್ ಹಿಂದೆ ಗೋಳಿಬಜೆ ತಿಂದು ಬೆಳೆದ ಕಾಗೆ ಮಾರಾಯ. ಬರೀ ಅನ್ನ ಯಾಕೆ ಮುಟ್ಟುತ್ತೆ?' ಮಾಣಿ ಲೋಟ ಕೆಳಗಿಟ್ಟು ನಕ್ಕ. 'ಬಜೆ ಹಾಕ್ತಿದ್ದದ್ದು ಯಾರು, ಆ ಅಜ್ಜನೇ ತಾನೆ?' ಅಂದ. ಇದ್ಯಾವುದನ್ನೂ ನಾನು ಹೇಳಿರಲಿಲ್ಲ! ಒಂದು ವರ್ಷ ಗೋಡೆ ನೋಡಿ ಸಿಗದ ಕಥೆ ಅಡುಗೆಮನೆ ಬಾಗಿಲಲ್ಲಿ ಸಿಕ್ಕಿತು.

ಕೊನೆ ಸಿಕ್ಕಿದ್ದು ರೈಲಿನಲ್ಲಿ. ನಮ್ಮ ಬೋಗಿಯ ಗ್ಯಾಂಗಿನಲ್ಲಿ ಒಬ್ಬರು ತಿರುಗಿ ಹೇಳುವಾಗ, ಕಾಗೆ ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದನ್ನು ಬಚ್ಚಿಡುತ್ತದೆ ಅಂದರು. ನಿಜವೇ ಅದು. ಹಾಗಾಗಿ ನಮ್ಮ ಕಾಗೆ ಈಗ ಹಾರಿ ಹೋಗುತ್ತದೆ. ಹಂಚಿನ ಸಂದಿಯಲ್ಲಿಟ್ಟ ಹಳೇ ಬಜೆ ತಂದು ಪಿಂಡದ ಪಕ್ಕದಲ್ಲಿ ಇಡುತ್ತದೆ. ಇಡುವಾಗ ಕೊಕ್ಕು ಅನ್ನಕ್ಕೆ ತಗಲುತ್ತದೆ. ಮನೆಯವರು 'ಮುಟ್ಟಿತು!' ಅನ್ನುತ್ತಾರೆ. ಕಾಗೆ ಬಂದದ್ದು ಅಜ್ಜನಿಗೆ ಕೊಡೋಕೆ ಅಂತ ನಮಗೆ ಮಾತ್ರ ಗೊತ್ತು.

ನಡುವೆ ಬಾಲ್ಕನಿಯಲ್ಲಿ ನನ್ನದೇ ಒಂದು ಪ್ರಯೋಗ. ಒಂದು ತಟ್ಟೆ ಅನ್ನ, ಒಂದು ತಟ್ಟೆ ಬಜೆ. ಬಜೆ ಮೊದಲು ಖಾಲಿ, ಹೆಚ್ಚೂಕಡಿಮೆ ಪ್ರತಿ ಸಲ. ಗಟ್ಟಿ ಪಾವ್ ಇಟ್ಟರೆ ಪಕ್ಕದ ಬಕೆಟ್ಟಿನ ನೀರಿಗೆ ಅದ್ದಿ ತಿನ್ನುತ್ತಿದ್ದವು. ಅದ್ದುವ ಆ ಶಾಟ್ ಚಿತ್ರದಲ್ಲಿ ಸೀದಾ ಬಾಣಗಂಗಾ ನೀರಿಗೆ ಹೋಯಿತು. ಕೆಳಮನೆಯವರು ಹಿಕ್ಕೆ ಬೀಳುತ್ತೆ ಅಂತ ಸೊಸೈಟಿಗೆ ದೂರು ಕೊಟ್ಟ ಮೇಲೆ ನಿಲ್ಲಿಸಿದೆ. ಇನ್ನೊಂದು ಲಾಭವೂ ಆಯಿತು. ಡಿಸೈನರ್ ಕಾಗೆಗೆ ಮೈಯೆಲ್ಲ ಕಪ್ಪು ಬಳಿದಿದ್ದ. ನಮ್ಮ ಮುಂಬೈ ಕಾಗೆಗೆ ಕುತ್ತಿಗೆ ಬೂದು ಅಲ್ವಾ, ತಿದ್ದಿಸಿದೆ.

ಕೈಗೂಡದ್ದೂ ಇದೆ. ವಾಟ್ಸಾಪ್ ವಾಯ್ಸ್ ನೋಟ್ ಕಳಿಸಿ ಅಂದರೆ ಜನ ನಾಲ್ಕು ಸಲ ತಿದ್ದಿ ಭಾಷಣ ಮಾಡಿ ಕಳಿಸುತ್ತಾರೆ, ಉಪಯೋಗಕ್ಕೆ ಬಾರದು. ಅನಿಮೇಟರ್‌ಗಳಿಗಂತೂ ಹೇಳಲೇಬೇಡಿ. 'ಕ್ಯಾಮೆರಾ ಎಲ್ಲಿಂದ?' ಅಂತ ಶುರು ಮಾಡಿದರೆ ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಕುಂದಾಪುರದಿಂದ ಅಮ್ಮ ಫೋನಲ್ಲಿ ಮುಕ್ಕಾಲು ನಿಮಿಷದಲ್ಲಿ ಮುಗಿಸಿದರು. ತೀರಾ ಚಿಕ್ಕದು, ಆದರೂ ಮೂಳೆಯೆಲ್ಲ ಅದರಲ್ಲಿತ್ತು.

ಲೆಕ್ಕ ಹೇಳ್ತೀನಿ. ಬಾಯಲ್ಲಿ ಒಂದು ನಿಮಿಷ ಹೇಳಿದ್ದು ತೆರೆ ಮೇಲೆ ಎರಡೂವರೆಯಿಂದ ಮೂರು ನಿಮಿಷ ಆಗುತ್ತೆ. ಭಟ್ರದ್ದು ಒಂದೂವರೆ ನಿಮಿಷದ ಒಳಗೇ ಇತ್ತು, ಚಿತ್ರ 4 ನಿಮಿಷಕ್ಕೆ ಕೂತಿದೆ. ಸೆಕೆಂಡಿಗೆ 12 ಡ್ರಾಯಿಂಗ್ ಹಿಡಿದರೂ, 7ರಿಂದ 4ಕ್ಕಿಳಿದು 3 ನಿಮಿಷ ಕಮ್ಮಿಯಾದರೆ 2 ಸಾವಿರಕ್ಕೂ ಜಾಸ್ತಿ ಡ್ರಾಯಿಂಗ್ ಉಳಿಯಿತು. ನಾನು ಕೊಡುವ ರೇಟು ಸೆಕೆಂಡಿಗೆ ಸುಮಾರು 1,200 ರೂಪಾಯಿ. ಅಲ್ಲಿಗೆ 2 ಲಕ್ಷ ಚಿಲ್ಲರೆ. ಕಾಗೆಯೇ ಹೀರೋ ಆದ್ದರಿಂದ ಮಾತಿಗೆ ತುಟಿ ಹೊಂದಿಸುವ ಲಿಪ್-ಸಿಂಕ್ ಕೂಡ ಇಲ್ಲ. ಖರ್ಚು ಅಂದರೆ ಕಾಫಿ, ಬಜೆ, ಓಡಾಟ, ಎಲ್ಲ ಸೇರಿ 4-5 ಸಾವಿರ.

ಅದೇ ನಿರ್ಮಾಪಕರ ಹತ್ತಿರ ಲ್ಯಾಪ್‌ಟಾಪ್ ಇಲ್ಲದೆ ಹೋದೆ. ಕೇಳಿದವರು ನನ್ನೆದುರೇ ಪಾರ್ಟ್ನರ್‌ಗೆ ಫೋನ್ ಮಾಡಿ ಕಥೆ ಹೇಳಿದರು. ಹಂಚಿನ ಸಂದಿಯನ್ನೂ ಬಿಡಲಿಲ್ಲ. ಮೂರೂವರೆ ಲಕ್ಷಕ್ಕೆ ಒಪ್ಪಿದರು, ಮೊದಲ ಕಂತು ಬಂದಿದೆ.

ತಿರುಗಿ ಹೇಳಿಸಿದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಒಂದೇ. ಅರ್ಧ ಕೆಲಸ ಅದೇ ಮಾಡುತ್ತೆ. ಅದು ಏನು ಅಂತ ಈ ಚಿತ್ರ ಮುಗಿಯೋವರೆಗೆ ಹೇಳಲ್ಲ. ಈಗ ಕೀ ಡ್ರಾಯಿಂಗ್ (ಮುಖ್ಯ ಭಂಗಿಗಳ ಚಿತ್ರ) ನಡೀತಿದೆ. ಸೌಂಡ್‌ಗೆ ಇನ್ನೂ 80 ಸಾವಿರದಷ್ಟು ಹೊಂದಿಸಬೇಕು. ಮುಂದಿನ ಕಥೆಯನ್ನು ಭಟ್ರಿಗೆ ಹೋದ ವಾರವೇ ಹೇಳಿ ಬಂದಿದ್ದೇನೆ.