ಕ್ಯಾಂಪಸ್ಸಿನಲ್ಲಿ ಯಹೂದಿ ದ್ವೇಷ: ಒಂದು ಡಾಕ್ಯುಮೆಂಟರಿ ಎಡಿಟ್ ಮಾಡಿದ ನನ್ನ ಅನುಭವ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚುತ್ತಿರುವ ಯಹೂದಿ ದ್ವೇಷದ ಬಗ್ಗೆ ನಾವು ಕೆಲವರು ಸೇರಿ ಒಂದು ಡಾಕ್ಯುಮೆಂಟರಿ ಮಾಡಿದೆವು. ಎಡಿಟಿಂಗ್ ನನ್ನದು. ತಂಡ ಚಿಕ್ಕದು, ಹಾಗಾಗಿ ಶೂಟಿಂಗ್ ದಿನ ಸೌಂಡ್ ಕೆಲಸವೂ ನನ್ನ ತಲೆಗೇ ಬರುತ್ತಿತ್ತು. ನಾನಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಕಡೆಯ ಎಷ್ಟೋ ಮಕ್ಕಳು ಓದುತ್ತಿರುವುದು ಇದೇ ಕ್ಯಾಂಪಸ್ಸುಗಳಲ್ಲಿ. ಊರಿಗೆ ಮಾತ್ರ ಈ ಸುದ್ದಿ ತಲುಪುವುದು ವಾಟ್ಸಾಪ್ ಕ್ಲಿಪ್ಪಿನಲ್ಲಿ, ಅದೂ ಯಾರದೋ ಬೈಗುಳದ ಜೊತೆಗೆ. ಅದಕ್ಕೇ ನಾವು ಹೇಗೆ ಕೆಲಸ ಮಾಡಿದೆವು ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಫೂಟೇಜಿಗೆ ಬರವೇನೂ ಇರಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲೆ ಗಾಜಾ ಯುದ್ಧದಲ್ಲಿ ಸಾವಿರ ಸಾವಿರ ಜನ ಜೀವ ಕಳೆದುಕೊಂಡರು. ಕ್ಯಾಂಪಸ್ಸುಗಳಲ್ಲಿ ಪ್ರತಿಭಟನೆ ಶುರುವಾಯಿತು. ಎಲ್ಲರ ಕೈಯಲ್ಲೂ ಫೋನ್. ಆದರೆ ಕ್ಲಿಪ್ ಶುರುವಾಗುವುದೇ ಯಾರಿಗೋ ಸಿಟ್ಟು ನೆತ್ತಿಗೇರಿದ ಮೇಲೆ, ಮುಗಿಯುವುದು ಆ ಸಿಟ್ಟು ಇಳಿಯುವ ಮುಂಚೆ. ಅದನ್ನೇ ಸಾಲಾಗಿ ಜೋಡಿಸಿ ಹಿಂದೆ ಮ್ಯೂಸಿಕ್ ಹಾಕಿದರೆ ನೋಡುವವರ ರಕ್ತ ಕುದಿಯುತ್ತದೆ, ನಿಜ. ಏನಾಯಿತು ಅನ್ನುವುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಮೊದಲೇ ಒಂದು ಮಾತು ಮಾಡಿಕೊಂಡೆವು. ಯಾರು ತೆಗೆದದ್ದು, ಎಲ್ಲಿ, ಯಾವಾಗ, ಅದರ ಹಿಂದೆ ಮುಂದೆ ಏನಾಯಿತು, ಇಷ್ಟು ಗೊತ್ತಾಗದೆ ಯಾವ ಕ್ಲಿಪ್ಪೂ ಟೈಮ್‌ಲೈನಿಗೆ ಬರಬಾರದು.

ಕೂಪರ್ ಯೂನಿಯನ್ ಘಟನೆಯ ಮೇಲೆ ನಾನು ಎಲ್ಲಕ್ಕಿಂತ ಜಾಸ್ತಿ ಕೂತೆ. ಅದು ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿರುವ ಹಳೆಯ ಕಾಲೇಜು. 2023ರ ಅಕ್ಟೋಬರ್ 25ರಂದು ಪ್ಯಾಲೆಸ್ಟೈನ್ ಪರ ಪ್ರತಿಭಟನೆ ಕಟ್ಟಡದ ಒಳಗೆ ಬಂತು. ಲೈಬ್ರರಿಯಲ್ಲಿ ಕೆಲವು ಯಹೂದಿ ವಿದ್ಯಾರ್ಥಿಗಳಿದ್ದರು. ಬಾಗಿಲು ಹಾಕಿತ್ತು. ಹೊರಗಿದ್ದವರು ಘೋಷಣೆ ಕೂಗುತ್ತಾ ಬಾಗಿಲು, ಗಾಜು ಬಡಿದರು. ವಿದ್ಯಾರ್ಥಿಗಳನ್ನು ಕೂಡಿಹಾಕಿದರು ಅಂತ ಒಂದು ಕಡೆಯವರು ಹೇಳಿದರು. ಯಾರಿಗೂ ಅಪಾಯ ಇರಲಿಲ್ಲ ಅಂತ ಪೊಲೀಸರು ಹೇಳಿದರು.

ಒಳಗಿನ ವಿಡಿಯೋ ಒಂದು ಟ್ರ್ಯಾಕಿನಲ್ಲಿ, ಹೊರಗಿನದು ಇನ್ನೊಂದರಲ್ಲಿ ಇಟ್ಟುಕೊಂಡೆ. ಕೈಯಿಂದ ಕೈಗೆ ದಾಟಿ ಬಂದ ಫೈಲುಗಳಲ್ಲಿ ಸಮಯದ ಗುರುತು ಸರಿಯಾಗಿರುವುದಿಲ್ಲ, ಅದನ್ನು ನಂಬುವ ಹಾಗಿಲ್ಲ. ನಂಬಬಹುದಾದದ್ದು ಬಡಿತ. ಬಾಗಿಲಿಗೆ ಒಂದು ಏಟು ಬಿದ್ದರೆ ಎರಡೂ ಕಡೆಯ ಆಡಿಯೋದಲ್ಲಿ ಒಂದು ಚೂಪು ಗೆರೆ ಏಳುತ್ತದೆ. ಗೆರೆಗೆ ಗೆರೆ ಕೂರಿಸಿದೆ. ಕೂರಿಸಿದ ಮೇಲೆ ಎರಡನ್ನೂ ಅಕ್ಕಪಕ್ಕ ಓಡಿಸಿ ನೋಡಿದೆವು. ಹೊರಗೆ ನಿಂತವರಿಗೆ ಅದು ಘೋಷಣೆಯ ತಾಳ. ಒಳಗೆ ಕೂತವರಿಗೆ ಬಾಗಿಲು ಬಡಿಯುವ ಸದ್ದು. ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ಒಳಗಿನವರ ಭಯ ಭಯವೇ. ಆ ಭಾಗಕ್ಕೆ ನಾನು ಸ್ಲೋ ಮೋಷನ್ ಹಾಕಲಿಲ್ಲ, ಮ್ಯೂಸಿಕ್ಕೂ ಹಾಕಲಿಲ್ಲ. ಎರಡು ಫ್ರೇಮು, ಒಂದೇ ಬಡಿತ, ಅಷ್ಟೇ.

ಮುಂದೆ ಕೆಲವು ಯಹೂದಿ ವಿದ್ಯಾರ್ಥಿಗಳು ಕಾಲೇಜಿನ ಮೇಲೆ ಕೇಸು ಹಾಕಿ, ಇದು ಕೋರ್ಟಿಗೆ ಹೋಯಿತು. ಕೇಸು ವಜಾ ಮಾಡಿ ಅಂತ ಕಾಲೇಜು ಕೇಳಿಕೊಂಡಿತ್ತು. 2025ರ ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶ ಜಾನ್ ಕ್ರೋನನ್ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಪ್ರತಿಭಟನೆಯ ಘೋಷಣೆ, ಬರಹಗಳಲ್ಲಿ ಬಹಳಷ್ಟು ವಾಕ್ ಸ್ವಾತಂತ್ರ್ಯದ ಒಳಗೇ ಬರುತ್ತದೆ, ಆದರೆ ಲೈಬ್ರರಿಯ ವಿಷಯ ವಿಚಾರಣೆಗೆ ಯೋಗ್ಯ ಅಂದರು. ವಿದ್ಯಾರ್ಥಿಗಳು ಎಲ್ಲೋ ಅಡಗಿಕೊಳ್ಳಬೇಕಾಗಿಲ್ಲ, ಅವರನ್ನು ಕಿರುಕುಳದಿಂದ ಕಾಪಾಡುವ ಹೊಣೆ ಕಾಲೇಜಿನದು ಅಂತಲೂ ಬರೆದರು. ಅದು ಕೊನೆಯ ತೀರ್ಪಲ್ಲ. ಆದರೆ ನಮ್ಮ ಇಡೀ ಚಿತ್ರಕ್ಕೆ ಆ ಆದೇಶ ದಾರಿ ತೋರಿಸಿತು. ಮಾತು ಎಲ್ಲಿಯವರೆಗೆ ಮಾತು, ಎಲ್ಲಿಂದ ಅದು ಒಬ್ಬ ವಿದ್ಯಾರ್ಥಿಯ ಓದಿಗೇ ಅಡ್ಡ ಬರುತ್ತದೆ ಅನ್ನುವುದನ್ನು ಪ್ರತಿ ದೃಶ್ಯದಲ್ಲೂ ಕೇಳಿಕೊಂಡೆವು.

ಇಂಟರ್ವ್ಯೂಗಳಲ್ಲಿ ಸಿಕ್ಕಿದ್ದು ಬೇರೆಯೇ. ಒಬ್ಬ ಹುಡುಗಿ, ಬಯಾಲಜಿ ಓದುವವಳು. ಕಾಲರ್ ಮೈಕ್ ಹಾಕಿ ಕೂರಿಸಿದೆವು. ಹೆಡ್‌ಫೋನಿನಲ್ಲಿ ಸಣ್ಣದಾಗಿ ಟಿಕ್ ಟಿಕ್ ಅಂತ ಸದ್ದು. ವೈರ್ ನೋಡಿದೆ, ಸರಿಯಾಗಿತ್ತು. ಕತ್ತಿನಲ್ಲಿ ಸರ ಏನಾದರೂ ಇದೆಯಾ ಅಂತ ಕೇಳಿದೆ. ಅಂಗಿಯ ಒಳಗಿಂದ ಹೊರಗೆ ತೆಗೆದಳು. ಯಹೂದಿಗಳ ಗುರುತಾದ ಆರು ಮೂಲೆಯ ದಾವೀದನ ನಕ್ಷತ್ರ, ಅಜ್ಜಿ ಕೊಟ್ಟದ್ದು. ಮೊದಲು ಹೊರಗೇ ಕಾಣುವ ಹಾಗೆ ಹಾಕಿಕೊಳ್ಳುತ್ತಿದ್ದಳಂತೆ. ಯಾರೂ ಅವಳಿಗೆ ಹೊಡೆದಿರಲಿಲ್ಲ. ಲ್ಯಾಬಿನಲ್ಲಿ ಜೊತೆಗಾರನೊಬ್ಬ ಸರ ನೋಡಿ, ಮೊದಲು ಇಸ್ರೇಲ್ ಬಗ್ಗೆ ನಿನ್ನ ನಿಲುವು ಹೇಳು, ಆಮೇಲೆ ಒಟ್ಟಿಗೆ ಕೆಲಸ ಮಾಡೋಣ ಅಂದನಂತೆ. ಅವಳು ಹುಟ್ಟಿದ್ದು ಒಹಾಯೋದಲ್ಲಿ. ಇಸ್ರೇಲಿಗೆ ಹೋದವಳೇ ಅಲ್ಲ. ಬೇರೆ ಯಾರಿಗೂ ಕೇಳದ ಪ್ರಶ್ನೆ ಅವಳಿಗೆ ಮಾತ್ರ ಯಾಕೆ? ಅಂಥ ಸದ್ದನ್ನು ತೆಗೆದುಹಾಕುವುದೇ ನನ್ನ ಕೆಲಸ. ಈ ಸಲ ಹಾಗೇ ಬಿಟ್ಟೆ. ಅವಳು ಸರದ ವಿಷಯ ಹೇಳುವವರೆಗೂ ಆ ಟಿಕ್ ಟಿಕ್ ಚಿತ್ರದಲ್ಲಿ ಕೇಳಿಸುತ್ತದೆ.

ಗದ್ದಲದ ಕ್ಲಿಪ್ಪುಗಳಲ್ಲಿ ಕಾಣದ್ದು ಇದು. ಊಟಕ್ಕೆ ಯಾವ ಹಾಲಿಗೆ ಹೋಗಬೇಕು, ಹೆಸರು ಪೂರ್ತಿ ಹೇಳಬೇಕಾ ಬೇಡವಾ ಅಂತ ಯೋಚಿಸುವುದು. ಕಾರಣವಿಲ್ಲದೆ ಹೆದರಿದವರಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 2023ರ ಅಕ್ಟೋಬರ್ ಕೊನೆಗೆ ಯಹೂದಿ ವಿದ್ಯಾರ್ಥಿಗಳು ಊಟ ಮಾಡುವ ಕೋಷರ್ (ಯಹೂದಿ ಧರ್ಮದ ನಿಯಮದಂತೆ ಅಡುಗೆ ಮಾಡುವ) ಹಾಲಿನ ಹೆಸರು ಹೇಳಿ ಕೊಲ್ಲುವ ಬೆದರಿಕೆ ಹಾಕಲಾಯಿತು. ಹಾಕಿದವನು ಅಲ್ಲಿನ ವಿದ್ಯಾರ್ಥಿಯೇ. ಅವನಿಗೆ 21 ತಿಂಗಳ ಜೈಲಾಯಿತು.

ಇದೆಲ್ಲ ಮೊನ್ನೆ ಮೊನ್ನೆ ಶುರುವಾದದ್ದು ಅಂತ ಅನ್ನಿಸಬಾರದು ಅಂತ ಹಳೆಯ ಕಥೆಯನ್ನೂ ಸೇರಿಸಿದೆವು. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಶೇ. 15ರ ಮಿತಿ ಹಾಕಬೇಕು ಅಂದರು. ಬಹಿರಂಗವಾಗಿ ಅದು ನಡೆಯಲಿಲ್ಲ. ಬದಲಿಗೆ ಅರ್ಜಿಯಲ್ಲಿ ಫೋಟೊ ಕೇಳಿದರು, ತಾಯಿಯ ತವರಿನ ಹೆಸರು ಕೇಳಿದರು, ನಡತೆಗೆ ಅಂಕ ಅಂದರು. ಕೆಲಸ ಆಯಿತು. ಯಹೂದಿ ಮನೆತನದ ಫೈನ್‌ಮನ್‌ರಂಥ ಭೌತವಿಜ್ಞಾನಿಗೂ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಥ ಮಿತಿಯಿಂದಲೇ ಸೀಟು ತಪ್ಪಿ, 1935ರಲ್ಲಿ ಎಂಐಟಿ ಸೇರಿದರು. ಇನ್ನು ದ್ವೇಷ ಒಂದೇ ಕಡೆಯಿಂದ ಬರುವುದೂ ಅಲ್ಲ. 2017ರ ಆಗಸ್ಟ್ 11ರ ರಾತ್ರಿ ವರ್ಜೀನಿಯಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಪಂಜು ಹಿಡಿದು ಯಹೂದಿಗಳ ವಿರುದ್ಧ ಕೂಗುತ್ತಾ ನಡೆದವರು ಬಿಳಿಯ ಜನಾಂಗವಾದಿಗಳು. ಎಡದವರ ತಪ್ಪು ಮಾತ್ರ, ಇಲ್ಲವೇ ಬಲದವರ ತಪ್ಪು ಮಾತ್ರ ತೋರಿಸಿದರೆ ಅದು ಪ್ರಚಾರ ಆಗುತ್ತದೆ ಅಲ್ವಾ?

ಅಂಕಿಅಂಶದ ವಿಷಯದಲ್ಲಿ ತುಂಬಾ ಚರ್ಚೆ ಆಯಿತು. ಯಹೂದಿಗಳು ಅಮೆರಿಕದ ಜನಸಂಖ್ಯೆಯಲ್ಲಿ ಶೇ. 2ರ ಆಸುಪಾಸು. ಎಫ್‌ಬಿಐ ಲೆಕ್ಕದಲ್ಲಿ ಅವರ ಮೇಲಿನ ದ್ವೇಷದ ಅಪರಾಧಗಳು 2022ರಲ್ಲಿ 1,122, 2023ರಲ್ಲಿ 1,832. ಯಹೂದಿ ದ್ವೇಷದ ಘಟನೆಗಳ ಲೆಕ್ಕ ಇಡುವ ಎಡಿಎಲ್ ಎಂಬ ಸಂಸ್ಥೆ 2024ರಲ್ಲಿ ದೇಶದಲ್ಲಿ 9,354 ಘಟನೆ, ಅದರಲ್ಲಿ ಕ್ಯಾಂಪಸ್ಸಿನಲ್ಲೇ 1,694 ಅಂತ ದಾಖಲಿಸಿದೆ. ಆ ಒಟ್ಟು ಲೆಕ್ಕದಲ್ಲಿ ಶೇ. 58ರಷ್ಟು ಇಸ್ರೇಲ್ ಅಥವಾ ಜಿಯೋನಿಸಂಗೆ (ಯಹೂದಿಗಳಿಗೆ ತಮ್ಮದೇ ದೇಶ ಬೇಕು ಅನ್ನುವ ವಾದ) ಸಂಬಂಧಿಸಿದ್ದು. ಅಂಥ ಮಾತುಗಳಲ್ಲಿ ಕೆಲವನ್ನು ದ್ವೇಷದ ಲೆಕ್ಕಕ್ಕೆ ಸೇರಿಸುವುದು ತಪ್ಪು ಅನ್ನುವವರು ಯಹೂದಿಗಳಲ್ಲೇ ಇದ್ದಾರೆ. ಎಫ್‌ಬಿಐ ಸಂಖ್ಯೆಯನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕಿದೆ. ಎಡಿಎಲ್ ಸಂಖ್ಯೆಯ ಜೊತೆಗೆ ಅದರಲ್ಲಿ ಏನೇನು ಸೇರಿದೆ ಅನ್ನುವ ಒಂದು ಸಾಲೂ ಬರುತ್ತದೆ. ಯಾವ ರೀತಿಯಲ್ಲಿ ಎಣಿಸಿದರೂ ಏರಿಕೆ ನಿಜ. ಅದನ್ನು ಉಬ್ಬಿಸಿ ಹೇಳುವ ಅಗತ್ಯವೇ ಇಲ್ಲ.

ಇಸ್ರೇಲ್ ಸರ್ಕಾರವನ್ನು ಟೀಕಿಸುವುದು ಯಹೂದಿ ದ್ವೇಷ ಅಲ್ಲ. 2024ರ ಏಪ್ರಿಲಿನಲ್ಲಿ ಕೊಲಂಬಿಯಾದಲ್ಲಿ ಪ್ಯಾಲೆಸ್ಟೈನ್ ಪರ ಪ್ರತಿಭಟನೆಯ ಟೆಂಟುಗಳ ನಡುವೆ ಯಹೂದಿ ವಿದ್ಯಾರ್ಥಿಗಳೇ ಪಾಸೋವರ್ ಹಬ್ಬದ ಸೇಡರ್ ಊಟ ಮಾಡಿದರು. ಅದರ ಹಿಂದಿನ ದಿನವೇ ಅದೇ ಕ್ಯಾಂಪಸ್ಸಿನ ಸಂಪ್ರದಾಯಸ್ಥ ರಬ್ಬಿಯೊಬ್ಬರು (ಯಹೂದಿ ಧರ್ಮಗುರು), ಸದ್ಯಕ್ಕೆ ಮನೆಗೆ ಹೋಗುವುದು ಒಳ್ಳೆಯದು ಅಂತ ವಿದ್ಯಾರ್ಥಿಗಳಿಗೆ ಬರೆದಿದ್ದರು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ. ಒಂದನ್ನು ಕತ್ತರಿಸಿದರೆ ಚಿತ್ರ ಸಲೀಸಾಗಿ ಓಡುತ್ತಿತ್ತು, ಆದರೆ ಆ ವಾರ ಅಲ್ಲಿ ಎರಡೂ ನಡೆದಿತ್ತು. ವಿಶ್ವವಿದ್ಯಾಲಯಗಳ ಅಧ್ಯಕ್ಷರುಗಳನ್ನು ಕೂರಿಸಿ ಪ್ರಶ್ನಿಸಿದ 2023ರ ಡಿಸೆಂಬರ್ 5ರ ಸಂಸತ್ ವಿಚಾರಣೆಯನ್ನು ಮಾತ್ರ ಚಿಕ್ಕದಾಗಿ ಮುಗಿಸಿದೆ. ಎಲ್ಲರೂ ನೋಡಿರುವುದೇ.

ನಮ್ಮ ಕನ್ನಡದ ಹುಡುಗನೊಬ್ಬನೂ ಚಿತ್ರದಲ್ಲಿದ್ದಾನೆ. ಅವನ ರೂಮ್‌ಮೇಟ್ ಯಹೂದಿ. ಬಾಗಿಲ ಚೌಕಟ್ಟಿಗೆ ಮೆಜುಜಾ ಅಂಟಿಸಿದ್ದ. ಯಹೂದಿಗಳ ಧರ್ಮಗ್ರಂಥ ತೋರಾದ ಸಾಲುಗಳನ್ನು ಬರೆದು ಸುತ್ತಿಟ್ಟ ಪುಟ್ಟ ಡಬ್ಬಿ ಅದು. ನಾವು ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಅವರಿಗೆ ಅದು ಮನೆಯ ಗುರುತು. "ಅಣ್ಣಾ, ಬೆಳಗ್ಗೆ ಎದ್ದು ನೋಡಿದರೆ ಅಂಟಿನ ಗುರುತು ಮಾತ್ರ ಇತ್ತು. ಅವನು ಯಾವ ಮೆರವಣಿಗೆಗೂ ಹೋದವನಲ್ಲ. ನನ್ನನ್ನೇ, ನೀನು ತೆಗೆದೆಯಾ ಅಂತ ಕೇಳಿದ. ಅದು ನನಗೆ ತುಂಬಾ ಬೇಜಾರಾಯ್ತು" ಅಂದ. ಮಾತನಾಡಿದ ಮೇಲೆ ಅವನಿಗೆ ವೀಸಾ ಚಿಂತೆ ಶುರುವಾಯಿತು. 2025ರ ಮಾರ್ಚಿನಲ್ಲಿ ಕೊಲಂಬಿಯಾದ ಭಾರತೀಯ ವಿದ್ಯಾರ್ಥಿನಿಯೊಬ್ಬರ ವೀಸಾ ರದ್ದಾಗಿ ಅವರು ಕೆನಡಾಕ್ಕೆ ಹೋಗಬೇಕಾಗಿ ಬಂದಿತ್ತು. ಯಹೂದಿ ದ್ವೇಷ ತಡೆಯುವ ಹೆಸರಿನಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ಹೀಗೆ ಹೆದರಿಸುವುದು ನಮಗೆ ಬೇಡ ಅಂದ ಯಹೂದಿ ವಿದ್ಯಾರ್ಥಿಗಳೂ ನಮಗೆ ಸಿಕ್ಕರು. ಹುಡುಗನ ಮುಖ ತೋರಿಸಲಿಲ್ಲ, ದನಿ ಬದಲಿಸಿದೆ. ಕಿಟಕಿಯಾಚೆ ಕಾಣುತ್ತಿದ್ದ ಗಡಿಯಾರ ಗೋಪುರವನ್ನೂ ಫ್ರೇಮಿನಿಂದ ಹೊರಗಿಟ್ಟೆ. ಅದು ಕಂಡರೆ ಸಾಕು, ಕಾಲೇಜು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದ ಮೇಲೂ, ಚಿತ್ರ ಹೊರಹೋಗುವ ಮುಂಚೆ ಪ್ರತಿಯೊಬ್ಬರಿಗೂ ಅವರವರ ಭಾಗ ತೋರಿಸಿ ಮತ್ತೆ ಕೇಳಿದೆವು.

ಈಗ ಚಿತ್ರ ಕಾಲೇಜುಗಳಿಗೆ ಹೋಗುತ್ತಿದೆ. ನಮ್ಮ ಷರತ್ತು ಒಂದೇ. ಯಹೂದಿ ವಿದ್ಯಾರ್ಥಿ ಸಂಘದ ಹಾಲಿನಲ್ಲಿ ಮಾತ್ರ ಅಲ್ಲ, ಎಲ್ಲರೂ ಬರುವ ಜಾಗದಲ್ಲಿ ತೋರಿಸಬೇಕು, ಆಮೇಲೆ ಮಾತುಕತೆಗೆ ಸಮಯ ಇಡಬೇಕು. ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ, ನಾನು ಯಹೂದಿ ಅಲ್ಲ, ಕಣ್ಣಾರೆ ಕಂಡರೆ ಏನು ಮಾಡಬೇಕು ಅನ್ನುವುದು. ಅದಕ್ಕೆ ಕೊನೆಯ ಕಾರ್ಡಿನಲ್ಲಿ ಉತ್ತರ ಬರೆದಿದ್ದೇವೆ. 1964ರ ನಾಗರಿಕ ಹಕ್ಕು ಕಾಯ್ದೆಯಲ್ಲಿ ತಾರತಮ್ಯ ತಡೆಯುವ ಟೈಟಲ್ ಸಿಕ್ಸ್ ಎಂಬ ಭಾಗದ ಕೆಳಗೆ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕು ಕಚೇರಿಗೆ ಯಾರು ಬೇಕಾದರೂ ದೂರು ಕೊಡಬಹುದು. ತೊಂದರೆ ಅನುಭವಿಸಿದವರೇ ಕೊಡಬೇಕು ಅಂತಿಲ್ಲ. ಸಾಮಾನ್ಯವಾಗಿ ಘಟನೆ ನಡೆದ 180 ದಿನದ ಒಳಗೆ ಕೊಡಬೇಕು. ತಾರೀಖು, ಜಾಗ, ಕಂಡದ್ದು ಅಷ್ಟನ್ನೂ ಅದೇ ದಿನ ಬರೆದಿಟ್ಟುಕೊಳ್ಳಿ.