ಮೂರನೇ ಟ್ಯೂಬ್ ಹಾಕಿದ್ಮೇಲೆ ಸುಳ್ಳು ಮಿಂಚು ನಿಂತಿದ್ದು

ಬೇರೆ ಲೋಕದವರು ಲೇಸರ್ ಮಿಂಚು ಕಳಿಸ್ತಿದ್ದಾರಾ ಅಂತ ಹಿತ್ತಲಲ್ಲಿ ಟೆಲಿಸ್ಕೋಪ್ ಇಟ್ಟು ಹುಡುಕ್ತಿದೀನಿ. ಅದಕ್ಕೆ ಎರಡು ಫೋಟೋಮಲ್ಟಿಪ್ಲೈಯರ್ (ತೀರಾ ಸಣ್ಣ ಬೆಳಕನ್ನೂ ವಿದ್ಯುತ್ ಹೊಡೆತ ಮಾಡೋ ಟ್ಯೂಬು) ಸಾಕು, ಮೂರು ಹಾಕಿದ್ರೆ ಇರೋ ಚೂರು ಬೆಳಕೂ ಹಂಚಿಹೋಗಿ ಕೈಗೇನೂ ಸಿಗಲ್ಲ ಅಂತ ನಮ್ಮ ಗುಂಪಲ್ಲಿ ಎಲ್ರೂ ಹೇಳಿದ್ರು. ನಾನಿರೋದು ಸ್ಯಾನ್ ಹೋಸೆಲಿ. ಬೆಟ್ಟದ ಮೇಲೆ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟ ಹಿತ್ತಲಿಂದ್ಲೇ ಕಾಣತ್ತೆ, 2001ರಲ್ಲಿ ಅಲ್ಲಿನ 1 ಮೀಟರ್ ನಿಕಲ್ ಟೆಲಿಸ್ಕೋಪಿಗೆ ಮೂರು ಟ್ಯೂಬ್ ಹಾಕೇ ಬೇರೆ ಲೋಕದವರ ಲೇಸರ್ ಹುಡುಕಿದ್ದು. ನನ್ನ 8 ಇಂಚಿನ ಟೆಲಿಸ್ಕೋಪಿಗೂ ಅದೇ ಸರಿ ಅಂತ ಹಟ ಹಿಡಿದೆ. ಬೆಳಕಿಲ್ದೇ ಇದ್ರೂ ಟ್ಯೂಬು ಆಗಾಗ ಸುಮ್ನೆ ಹೊಡೀತಿರತ್ತೆ, ಅದಕ್ಕೇ ಎಲ್ಲಾ ಟ್ಯೂಬೂ ಒಟ್ಟಿಗೆ ಹೊಡೆದ್ರೆ ಮಾತ್ರ ಲೆಕ್ಕ, ಮೂರೂ ಸುಮ್ನೆ ಒಟ್ಟಿಗೆ ಹೊಡೆಯೋದು ತೀರಾ ಅಪರೂಪ.

ಮೊದಲ ವರ್ಷ ಎರಡೇ ಟ್ಯೂಬಲ್ಲಿ ಒದ್ದಾಡಿದೆ, ಗಂಟೆಗೆ 30-40 ಸುಳ್ಳು ಹೊಡೆತ. ಸೆಕೆಂಡ್ ಹ್ಯಾಂಡ್ ಟ್ಯೂಬು ಒಂದೊಂದಕ್ಕೆ 90 ಡಾಲರ್ ಹತ್ರ ಕೊಟ್ಟು ನಾಲ್ಕು ತಗೊಂಡಿದ್ದೆ, ಒಂದು ಬರೋವಾಗ್ಲೇ ಸತ್ತಿತ್ತು, ಇನ್ನೊಂದು ಹೈವೋಲ್ಟೇಜ್ ಆನ್ ಇರುವಾಗ ಮುಚ್ಚಳ ತೆಗೆದುಬಿಟ್ಟೆ, ಹೋಯ್ತು. ಮತ್ತೊಂದು ತಗೊಂಡು ಮೂರು ಮಾಡ್ದೆ. ಆಮೇಲೂ ತಪ್ಪು: ಟ್ಯೂಬ್‌ಗಳಿಗೆ ಬೆಳಕು ಹಂಚೋ ಎರಡೂ ಸ್ಪ್ಲಿಟ್ಟರ್ 50-50 ಹಾಕಿದ್ದಕ್ಕೆ ಒಂದು ಟ್ಯೂಬಿಗೆ ಅರ್ಧ ಬೆಳಕು, ಉಳಿದೆರಡಕ್ಕೆ ಕಾಲು ಕಾಲು. ಮೊದಲನೇದು ಮೂರನೇ ಒಂದು ಭಾಗ ತಿರುಗಿಸೋದು ಬೇಕು, ಎರಡನೇದು ಅರ್ಧ. ಅದಕ್ಕೇ ಬೇರೆ 160 ಡಾಲರ್. ಒಟ್ಟು 2,400 ದಾಟಿರಬೇಕು.

ಮೂರು ಹಾಕಿದ್ಮೇಲೂ, ಟೆಲಿಸ್ಕೋಪ್ ಮುಚ್ಚಿದ್ರೂ ಗಂಟೆಗೆ ಎರಡು ಮೂರು ಸಲ ಮೂರೂ ಒಟ್ಟಿಗೆ ಹೊಡೀತಿತ್ತು! ತಿಂಗಳುಗಟ್ಟಲೆ ವೈರಿಂಗ್ ಬಿಚ್ಚಿ ಕಟ್ಟಿದೆ. ಕೊನೆಗೆ ಗೊತ್ತಾಯ್ತು, ಮೂರೂ ಟ್ಯೂಬ್ ಹೆಚ್ಚುಕಮ್ಮಿ ಒಂದೇ ಸಾಲಲ್ಲಿದ್ವು, ಆಕಾಶದಿಂದ ಬರೋ ಮ್ಯೂಆನ್ ಅನ್ನೋ ಸೂಕ್ಷ್ಮ ಕಣ ಮೂರರ ಗಾಜನ್ನೂ ತೂರ್ಕೊಂಡು ಹೋಗ್ತಾ ಬೆಳಕು ಚೆಲ್ತಿತ್ತು. ಆ ಖುಷಿಗೆ ಟ್ಯೂಬ್‌ಗಳನ್ನ ಒಂದರ ಮೇಲೊಂದು ಇಟ್ಟು ಎರಡು ವಾರ ಬರೀ ಮ್ಯೂಆನ್ ಎಣಿಸಿದೆ, ಪೆಟ್ಟಿಗೆ ಓರೆ ಮಾಡ್ದಷ್ಟೂ ಎಣಿಕೆ ಇಳೀತಿತ್ತು, ಎಷ್ಟು ಚಂದ ಅಂದ್ರೆ ಲೇಸರ್ ಮರೆತೇಹೋಗಿತ್ತು. ಈಗ ಟ್ಯೂಬ್‌ಗಳನ್ನ ಬೇರೆ ಕೋನದಲ್ಲಿ ಕೂರಿಸಿದೀನಿ. ಕೋನ ಎಷ್ಟು, ಥ್ರೆಶೋಲ್ಡ್ (ಎಷ್ಟು ಜೋರಿನ ಹೊಡೆತದಿಂದ ಲೆಕ್ಕಕ್ಕೆ ತಗೋಬೇಕು ಅನ್ನೋ ಮಿತಿ) ಎಲ್ಲಿ ನಿಲ್ಲಿಸಿದೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಪರೀಕ್ಷೆಗೆ ಬೇಲಿ ಹತ್ರ ನೀಲಿ ಎಲ್‌ಇಡಿ ಇಟ್ಟು ಅವಲಾಂಚ್ ಟ್ರಾನ್ಸಿಸ್ಟರಿಂದ (ಕರೆಂಟನ್ನ ತೀರಾ ಬೇಗ ಸುರಿಯೋ ಸ್ವಿಚ್ಚು) ಕೆಲವೇ ನ್ಯಾನೋಸೆಕೆಂಡಿನ ಮಿಂಚು ಕೊಟ್ಟೆ, ನೂರಕ್ಕೆ 95ರಷ್ಟು ಹಿಡೀತು. ಬೆಳಕು ಹಂಚಿಹೋಗತ್ತೆ ಅಂದವರೇ ಬಂದು ನೋಡ್ಕೊಂಡು ಹೋದ್ರು.

ಸಪ್ತರ್ಷಿ ಮಂಡಲದ 47 ಅರ್ಸೆ ಮೇಜೋರಿಸ್ ಅನ್ನೋ ನಕ್ಷತ್ರದ ಮೇಲೆ ಸುಮಾರು 60 ಗಂಟೆ ಆಯ್ತು. ಒಂದೇ ಒಂದು ಸಲ ಮೂರೂ ಒಟ್ಟಿಗೆ ಹೊಡೀತು, ಕೈ ನಡುಗಿತು ನಂಗೆ. ಆಮೇಲೆ ಆರು ರಾತ್ರಿ ಅದೇ ನಕ್ಷತ್ರಕ್ಕೆ ಕಾದೆ, ಮತ್ತೆ ಬರ್ಲಿಲ್ಲ. ಮಂಜು ಮೇಲೆ ಬರ್ದೇ ಇದ್ರೆ ಇವತ್ತೂ ಅಲ್ಲಿಗೇ ತಿರುಗಿಸ್ತೀನಿ.