ಜಿನೋವಾ: ಹಳೆಯ ಬಂದರಿನಿಂದ ಮೇಲಕ್ಕೆ

ಇಟಲಿಯ ಜಿನೋವಾ ನಗರದ ಹಳೆಯ ಬಂದರು ಪೋರ್ತೊ ಆಂತಿಕೊದಿಂದ ನಡಿಗೆ ಶುರುಮಾಡಿ. ಎದುರಿನ ಪಲಾತ್ಸೊ ಸಾನ್ ಜೋರ್ಜೊ 1260ರ ಕಟ್ಟಡ. ಮಾರ್ಕೊ ಪೋಲೊ ಸೆರೆಯಲ್ಲಿದ್ದದ್ದು ಇಲ್ಲೇ ಎಂಬ ಪ್ರತೀತಿ. ಮುಂದೆ ಸಾನ್ ಲೊರೆಂಜೊ ಕೆಥೀಡ್ರಲ್. 1941ರ ಫೆಬ್ರವರಿಯಲ್ಲಿ ಬ್ರಿಟಿಷ್ ಯುದ್ಧನೌಕೆ ಹಾರಿಸಿದ, ಸಿಡಿಯದೇ ಉಳಿದ ಶೆಲ್ ಒಳಗಿದೆ, ತಪ್ಪಿಸಬೇಡಿ.

ಸುತ್ತಲಿನ ಗಲ್ಲಿಗಳು ಕಿರಿದು, ಮನೆಗಳು ಎತ್ತರ. ಮೊಬೈಲ್ ಮ್ಯಾಪ್ ಆಗಾಗ ಕೈಕೊಡುತ್ತದೆ. ದಾರಿ ತಪ್ಪಿದರೆ ಇಳಿಜಾರು ಹಿಡಿಯಿರಿ, ಬಂದರು ಸಿಗುತ್ತದೆ. ವಿಳಾಸ ಹುಡುಕುವಾಗ ಬಣ್ಣ ನೋಡಿ: ಅಂಗಡಿ, ಹೋಟೆಲುಗಳಿಗೆ ಕೆಂಪು ನಂಬರು, ಮನೆಗಳಿಗೆ ಕಪ್ಪು. ಎರಡೂ ಸಾಲು ಬೇರೆಬೇರೆ ಓಡುವುದರಿಂದ ಒಂದೇ ಬೀದಿಯಲ್ಲಿ ಎರಡು ‘12’ ಇರಬಹುದು. ವಿಳಾಸದ ಕೊನೆಯ ‘ಆರ್’ ಅಕ್ಷರ ಎಂದರೆ ಕೆಂಪು.

ವಿಯಾ ಗಾರಿಬಾಲ್ದಿ ಬೀದಿಯ ಅರಮನೆ ಮ್ಯೂಸಿಯಂಗಳಿಗೆ ಸೋಮವಾರ ಸಾಮಾನ್ಯವಾಗಿ ರಜೆ. ಪಕ್ಕದ ಪೊರ್ತೆಲ್ಲೊ ಚೌಕದಿಂದ ಲಿಫ್ಟ್ ಹತ್ತಿ ಗುಡ್ಡದ ಮೇಲಿನ ಕಾಸ್ತೆಲ್ಲೆತ್ತೊ ಬಡಾವಣೆಗೆ ಹೋದರೆ ಇಡೀ ಹಳೇ ಊರು, ದೂರದಲ್ಲಿ 1543ರ ಲಾಂತೆರ್ನಾ ದೀಪಸ್ತಂಭವೂ ಕಾಣುತ್ತದೆ.